ಬಣ್ಣದಮ್ಮನ ಹಳೆಯ ಕಣ್ಣು

ಪೇಟೆ ಬೀದಿಯ ಮೂಲೆಯಲ್ಲಿದ್ದ ಬಣ್ಣದ ಅಂಗಡಿಗೆ ಒಂದು ದೊಡ್ಡ ಹೆಸರಿನ ಫಲಕವಿತ್ತು. ಅದನ್ನು ಓದಿದವರು ಮಾತ್ರ ಯಾರೂ ಇರಲಿಲ್ಲ. 'ಬಣ್ಣದಮ್ಮನ ಅಂಗಡಿ' ಎಂದರೆ ಆಟೋದವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಗೊತ್ತು.

ಗೋಡೆಗೆ ಬಣ್ಣ ಬೇಕು ಎಂದು ಯಾರಾದರೂ ಹೋದರೆ ಬಣ್ಣದಮ್ಮ ಒಡನೆ ಡಬ್ಬ ತೋರಿಸುತ್ತಿರಲಿಲ್ಲ. ಕಿಟಕಿ ಯಾವ ದಿಕ್ಕಿಗಿದೆ, ಎದುರಿಗೆ ಮರವಿದೆಯೋ ಇನ್ನೊಬ್ಬರ ಗೋಡೆಯಿದೆಯೋ, ಆ ಕೋಣೆಯಲ್ಲಿ ಮಲಗುವವರು ಬೇಗ ಏಳುವವರೋ ತಡವಾಗಿ ಏಳುವವರೋ ಎಂದೆಲ್ಲ ಕೇಳುತ್ತಿದ್ದಳು. ಸಂಬಂಧ ಬೆಳೆಸಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ವಿಚಾರಣೆ ಮುಗಿದ ಮೇಲೆ ಬಿಳಿ ಬಣ್ಣದ ಡಬ್ಬ ತೆರೆದು, ಪುಟ್ಟ ಪುಟ್ಟ ಬಾಟಲಿಗಳಿಂದ ಗಾಢ ಬಣ್ಣಗಳನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಕೋಲಿನಿಂದ ತಿರುವಿ, ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ರಟ್ಟಿನ ಮೇಲೆ ಎಳೆದು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಅಳತೆಯ ಲೋಟವಿಲ್ಲ, ತಕ್ಕಡಿಯಿಲ್ಲ. ಅವಳ ಕಣ್ಣೇ ತಕ್ಕಡಿ.

ಗಂಡ ಇದ್ದಾಗ ಗಲ್ಲಾದ ಹಿಂದೆ ಅವನು, ಡಬ್ಬಗಳ ನಡುವೆ ಇವಳು. ಅವನು ತೀರಿಕೊಂಡ ಮೇಲೆ ಗಲ್ಲಾಕ್ಕೆ ಮಗ ಬಂದ. ಮಗ ಒಳ್ಳೆಯವನೇ. ಆದರೆ ಜಗಳ ಎಂದರೆ ಮಾರು ದೂರ ಹಾರುವವನು. ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಸೊಸೆ ಆರ್ಕಿಟೆಕ್ಟ್. ಕಟ್ಟಡಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ಕೆಲಸ. ಮಾತು ಕಡಿಮೆ, ಮಾಡುವ ಕೆಲಸದಲ್ಲಿ ಹಟ ಹೆಚ್ಚು. ಅತ್ತೆಗೂ ಸೊಸೆಗೂ ಜಗಳವೇನೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಇಬ್ಬರ ನಡುವೆ ಇದ್ದ ಒಂದೇ ಮುಳ್ಳು ಎಂದರೆ ಬಣ್ಣ ಬೆರೆಸುವ ಯಂತ್ರ. ಬೇರೆ ಅಂಗಡಿಗಳಿಗೆಲ್ಲ ಅದು ಬಂದು ಎಷ್ಟೋ ಕಾಲವಾಗಿತ್ತು. ಶೇಡ್ ಕಾರ್ಡಿನಲ್ಲಿ ಗಿರಾಕಿ ಬೆರಳಿಟ್ಟ ಬಣ್ಣವನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಕಲಸಿ ಕೊಡುತ್ತಿತ್ತು. "ನಾವೂ ಒಂದು ತರಿಸೋಣ" ಎಂದು ಸೊಸೆ ಒಮ್ಮೆ ಅಂದಿದ್ದಳು. "ತರಿಸು. ಜೊತೆಗೆ ಅದಕ್ಕೊಂದು ಜೊತೆ ಕಣ್ಣೂ ತರಿಸು" ಎಂದಿದ್ದಳು ಬಣ್ಣದಮ್ಮ. ಮಾತು ಅಲ್ಲಿಗೇ ನಿಂತಿತ್ತು.

ಹೀಗಿರುವಾಗ ಒಂದು ಸಂಜೆ ಸೊಸೆ ಕೆಲಸದಿಂದ ನೇರ ಅಂಗಡಿಗೇ ಬಂದಳು. ಸುರುಳಿ ಸುತ್ತಿದ ನಕ್ಷೆಯನ್ನು ಕೌಂಟರಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬ ಇಟ್ಟಳು.

"ಅತ್ತೆ, ದೊಡ್ಡಾಸ್ಪತ್ರೆಯಲ್ಲಿ ವಯಸ್ಸಾದವರಿಗೆ ಅಂತ ಹೊಸ ಕಟ್ಟಡ ಆಗ್ತಾ ಇದೆ. ಒಳಗಿನದೆಲ್ಲ ನನ್ನ ಜವಾಬ್ದಾರಿ. ಗೋಡೆ ಬಣ್ಣ ಮಾತ್ರ ನೀವು ಮಾಡಿಕೊಡಬೇಕು."

"ಯಾಕೆ, ಯಂತ್ರ ಕೆಟ್ಟುಹೋಗಿದ್ಯಾ?"

ಸೊಸೆ ನಗಲಿಲ್ಲ. "ನನಗೆ ಬೇಕಾದ ಬಣ್ಣ ಕಾರ್ಡಲ್ಲಿ ಇಲ್ಲ. ಬೆಳಗ್ಗೆ ಎದ್ದು ಕಣ್ಣು ಬಿಟ್ರೆ, ಯಾರೋ ಆಗಲೇ ಎದ್ದು ಪರದೆ ಸರಿಸಿದಾರೆ ಅನ್ನಿಸಬೇಕು. ಆಸ್ಪತ್ರೆ ಅನ್ನಿಸಬಾರದು."

ಬಣ್ಣದಮ್ಮ ನಕ್ಷೆಯ ಕಡೆ ನೋಡುತ್ತಲೇ ಇದ್ದಳು. ಬಣ್ಣವನ್ನು ಹೀಗೆ ಕೇಳಿದ ಗಿರಾಕಿ ಇಷ್ಟು ವರ್ಷಕ್ಕೆ ಇವಳೊಬ್ಬಳೇ. ಒಳಗೊಳಗೇ ಹಿಗ್ಗಿದರೂ ಮುಖದಲ್ಲಿ ತೋರಗೊಡದೆ, "ಕಿಟಕಿ ಯಾವ ಕಡೆಗಿದೆ?" ಎಂದು ಕೇಳಿದಳು.

ಆ ಬಣ್ಣಕ್ಕಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೆನೆಯ ಬಣ್ಣ ಬರಬೇಕು, ಆದರೆ ಹಳದಿ ಎನ್ನಿಸಬಾರದು. ಎಷ್ಟು ಕಲಸಿದರೂ ರಟ್ಟಿನ ಮೇಲೆ ಹಳದಿಯೇ ಮುಂದೆ ನಿಲ್ಲುತ್ತಿತ್ತು. "ಈ ಕಂಪನಿಯವರು ಈಚೆಗೆ ಬಿಳಿಯಲ್ಲೇ ಹಳದಿ ಸೇರಿಸಿ ಕಳಿಸ್ತಾರೆ" ಎಂದು ಬೈದುಕೊಂಡು ಹಳದಿ ಕಡಿಮೆ ಮಾಡಿದಳು. ಇನ್ನೂ ಸಾಲದು ಎನ್ನಿಸಿ ಒಂದೆರಡು ತೊಟ್ಟು ನೀಲಿ ಬಿಟ್ಟಳು. ಈಚಿನ ವರ್ಷಗಳಲ್ಲಿ ಅದು ಅವಳ ಅಭ್ಯಾಸವೇ ಆಗಿಹೋಗಿತ್ತು. ಕೊನೆಗೆ ಬಾಗಿಲ ಬೆಳಕಿಗೆ ಹಿಡಿದ ರಟ್ಟು ಅವಳ ಕಣ್ಣಿಗೆ ಅಪ್ಪಟ ಬೆಳಗಿನ ಬಿಸಿಲಾಗಿ ಕಂಡಿತು. ಡಬ್ಬಗಳ ಮುಚ್ಚಳವನ್ನು ತಾನೇ ಬಡಿದು ಬಿಗಿಮಾಡಿ ಕಳಿಸಿದಳು.

ಮೊದಲು ಒಂದು ಕೋಣೆಗೆ ಬಳಿದು ನೋಡುವುದೆಂದು ಮಾತಾಗಿತ್ತು. ಬಳಿದವನು ಅವಳ ಹಳೆಯ ಪೇಂಟರೇ. ಬಣ್ಣ ಒಣಗಿದ ದಿನ ಆಸ್ಪತ್ರೆಯ ಮೇಲ್ವಿಚಾರಕರು ಬಂದರು. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಡತ. ಒಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಇದೇನಮ್ಮಾ, ನೀಲಿ ಬಳಿದುಬಿಟ್ಟಿದೀರಿ? ಶವಾಗಾರದ ಗೋಡೆ ಹಾಗಿದೆ."

ಬಣ್ಣದಮ್ಮನಿಗೆ ನಗು ಬಂತು. ಈ ಮನುಷ್ಯನಿಗೆ ಕಣ್ಣು ಕೊಟ್ಟ ದೇವರು ಬೆಳಕು ಕೊಡುವುದನ್ನು ಮರೆತಿದ್ದಾನೆ ಎಂದುಕೊಂಡು, ಅದನ್ನೇ ಕಣ್ಣಲ್ಲೇ ಹೇಳಲು ಸೊಸೆಯ ಕಡೆ ತಿರುಗಿದಳು. ಸೊಸೆ ನೆಲ ನೋಡುತ್ತಿದ್ದಳು. ಬಣ್ಣದಮ್ಮ ಪೇಂಟರನ ಕಡೆ ತಿರುಗಿದಳು. ಅವನು ಬ್ರಷ್ಷಿನ ಕೂದಲನ್ನು ಒಂದೊಂದಾಗಿ ಬಿಡಿಸುವವನಂತೆ ತಲೆ ತಗ್ಗಿಸಿದ್ದ.

"ನೀಲಿನಾ?" ಎಂದಳು ಬಣ್ಣದಮ್ಮ.

"ಅತ್ತೆ, ಮನೆಗೆ ಹೋಗೋಣ ಬನ್ನಿ" ಎಂದು ಸೊಸೆ ಮೆಲ್ಲಗೆ ತೋಳು ಹಿಡಿದಳು.

ಮನೆಗೆ ಬಂದದ್ದೇ ಬಣ್ಣದಮ್ಮನ ಸಿಟ್ಟು ನೆತ್ತಿಗೇರಿತು. ಮಗನನ್ನು ಎದುರಿಗೆ ಕೂರಿಸಿಕೊಂಡು, ರಟ್ಟನ್ನು ಅವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಹೇಳು. ಇದು ಯಾವ ಬಣ್ಣ?"

"ಅದು ಅಮ್ಮ, ಬೆಳಕಿನ ಮೇಲೆ ಹೋಗುತ್ತೆ."

"ಬೆಳಕನ್ನ ಆಚೆ ಇಡು. ಬಣ್ಣ ಯಾವುದು?"

"ಒಂಥರಾ... ಚೆನ್ನಾಗಿದೆ" ಎಂದು ಮಗ ಎದ್ದು ನೀರು ಕುಡಿಯಲು ಹೋದವನು ಬಹಳ ಹೊತ್ತು ನೀರನ್ನೇ ಕುಡಿಯುತ್ತಿದ್ದ.

ಸೊಸೆ ಬಂದು ಎದುರಿಗೆ ಕುಳಿತಳು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ತನ್ನ ಪಾಲಿಗೇ ಬಂದಿದೆ ಎಂದು ಅವಳಿಗೆ ಗೊತ್ತಾಗಿತ್ತು.

"ಅತ್ತೆ, ಅದು ನೀಲಿ ಬೆರೆತ ಬೂದಿ ಬಣ್ಣ. ನಿಮ್ಮ ಕಣ್ಣಿಗೆ ಪೊರೆ ಬಂದಿರಬೇಕು. ಪೊರೆ ಬಂದ್ರೆ ಹಳದಿ ಗಾಜಿನ ಹಿಂದೆ ಕೂತು ನೋಡಿದ ಹಾಗಂತೆ. ಹಳದಿ ಜಾಸ್ತಿ ಕಾಣುತ್ತೆ ಅಂತ ನೀವು ನೀಲಿ ಹಾಕ್ತಾ ಹೋಗಿದೀರಿ."

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತೀಯಾ? ನನಗೇ?"

"ಕಾಮಾಲೆ ಅಲ್ಲ ಅತ್ತೆ. ವಯಸ್ಸು."

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಇಲ್ಲ. ಅಂಗಡಿ ಬಣ್ಣಗಳು ಸ್ವಲ್ಪ ತಣ್ಣಗಾಗ್ತಿವೆ ಅನ್ನಿಸ್ತಿತ್ತು. ನಿಮ್ಮ ಇಷ್ಟ ಬದಲಾಗಿದೆ ಅಂದ್ಕೊಂಡೆ. ಆಸ್ಪತ್ರೆ ಬಣ್ಣಾನೂ ಒಣಗಿದ ಮೇಲೆ ಸರಿಹೋಗುತ್ತೆ ಅಂತಿದ್ದೆ. ಇವತ್ತು ಪೂರ್ತಿ ಗೋಡೆ ನೋಡಿದಾಗ ಗೊತ್ತಾಯ್ತು."

ಬಣ್ಣದಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರ ತರಿಸಲು ಇವರಿಬ್ಬರೂ ಸೇರಿ ಹೂಡಿದ ಆಟ ಇದು ಎಂದು ಒಮ್ಮೆ ಅನ್ನಿಸಿತು. ಆದರೆ ಆ ಮೇಲ್ವಿಚಾರಕನಿಗೂ ಯಂತ್ರಕ್ಕೂ ಏನು ಸಂಬಂಧ? ಪೇಂಟರಿಗೆ ಏನು ಲಾಭ?

ಮರುದಿನ ಬೆಳಗ್ಗೆ ಮಗನಿಗಿಂತ ಮೊದಲೇ ಹೋಗಿ ಅಂಗಡಿ ತೆರೆದಳು. ಗಾಢ ನೀಲಿಯ ಬಾಟಲಿ ಒಂದು, ಕಪ್ಪಿನದು ಒಂದು ತೆಗೆದುಕೊಂಡು ರಟ್ಟಿನ ಮೇಲೆ ಪಕ್ಕಪಕ್ಕದಲ್ಲಿ ಒಂದೊಂದು ಗೆರೆ ಎಳೆದಳು. ರಟ್ಟನ್ನು ನಾಲ್ಕಾರು ಸಲ ತಿರುಗಿಸಿ, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ತನಗೇ ಮರೆತುಹೋಗುವಂತೆ ಮಾಡಿಕೊಂಡು ಬಾಗಿಲಿಗೆ ಬಂದಳು. ಬಿಸಿಲಿಗೆ ಹಿಡಿದಳು. ನೆರಳಿಗೆ ಹಿಡಿದಳು. ಎರಡು ಗೆರೆಯೂ ಒಂದೇ ಅವ್ವನ ಮಕ್ಕಳಂತೆ ಇದ್ದವು.

ಸುಮ್ಮನೆ ಸ್ಟೂಲಿನ ಮೇಲೆ ಕುಳಿತಳು. ಬೀದಿಯಲ್ಲಿ ಜನ ಓಡಾಡಲು ಶುರುವಾಗಿತ್ತು. ಯಾರೋ ನಮಸ್ಕಾರ ಹೇಳಿ ಹೋದರು, ಇವಳಿಗೆ ಕೇಳಿಸಲಿಲ್ಲ. ಒಂದು ಸಾಮ್ರಾಜ್ಯ ಮುಳುಗಿದಂತೆ ಏನೂ ಆಗಲಿಲ್ಲ. ಜೇಬಿನಲ್ಲಿ ಇದ್ದೇ ಇದೆ ಎಂದುಕೊಂಡಿದ್ದ ಬೀಗದ ಕೈ ಎಲ್ಲೋ ಬಿದ್ದುಹೋಗಿದೆ ಎಂದು ಗೊತ್ತಾದರೆ ಹೇಗೋ ಹಾಗಾಯಿತು, ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮನೆಗೆ ಹೋದಳು. ಸೊಸೆ ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದಳು.

"ಡಾಕ್ಟರ್ ಹತ್ರ ಯಾವಾಗ ಹೋಗೋಣ?" ಎಂದಳು ಬಣ್ಣದಮ್ಮ.

ಕಣ್ಣಿನ ಡಾಕ್ಟರು ಚುರುಕು ಮಾತಿನ ಹೆಂಗಸು. ಎರಡು ಕಣ್ಣಿಗೂ ಪೊರೆ ಬಂದು ಗಟ್ಟಿಯಾಗಿದೆ, ಮೊದಲು ಬಲಗಣ್ಣಿಗೆ ಆಪರೇಷನ್, ಅದು ಮಾಗಿದ ಮೇಲೆ ಎಡಗಣ್ಣಿಗೆ ಎಂದರು. "ಇಷ್ಟು ದಪ್ಪ ಪೊರೆ ಇಟ್ಟುಕೊಂಡು ಬಣ್ಣದ ಅಂಗಡಿ ನಡೆಸ್ತಿದ್ರಾ?" ಎಂದು ಅವರು ಕೇಳಿದಾಗ ಬಣ್ಣದಮ್ಮ, "ನೀವೇನಾದ್ರೂ ನಮ್ಮ ಗಿರಾಕಿನಾ ಡಾಕ್ಟ್ರೇ? ಹಾಗಿದ್ರೆ ಈಗಲೇ ಕ್ಷಮೆ ಕೇಳ್ಬಿಡ್ತೀನಿ" ಎಂದಳು. ಹೆದರಿಕೆಯಾದಾಗ ಅವಳಿಗೆ ಹಾಸ್ಯ ಬರುತ್ತಿತ್ತು.

ಆಪರೇಷನ್ ಆಯಿತು. ಪಟ್ಟಿ ತೆಗೆದಾಗ ಎದುರಿಗೆ ಕಂಡದ್ದು ಡಾಕ್ಟರ ಕೋಟು. ಬಣ್ಣದಮ್ಮ ಅದನ್ನು ನೋಡುತ್ತಲೇ ಉಳಿದಳು. ಬಿಳಿ ಎಂದರೆ ಇಷ್ಟು ಬಿಳಿಯೇ? ತೊಳೆದು, ಹಿಂಡಿ, ಬಿಸಿಲಿಗೆ ಹಾಕಿದಂಥ ಬಿಳಿ. ಕಿಟಕಿಯಾಚೆಯ ಆಕಾಶವನ್ನು ಯಾರೋ ಆಗತಾನೇ ಬಳಿದು ಬ್ರಷ್ಷು ಕೆಳಗಿಟ್ಟಿದ್ದಾರೆ ಅನ್ನಿಸಿತು. ಪಕ್ಕದಲ್ಲಿ ಸೊಸೆ ನಿಂತಿದ್ದಳು. ಮಣ್ಣಿನ ಹಸಿರು ಎಂದುಕೊಂಡಿದ್ದ ಅವಳ ಅಂಗಿ ನವಿಲು ಕತ್ತಿನ ನೀಲಿಯಾಗಿತ್ತು. ಅಂಗಿಯಿಂದ ಕಣ್ಣು ಮೇಲೆ ಸರಿದು ಸೊಸೆಯ ಮುಖಕ್ಕೆ ಬಂತು. ಕಣ್ಣ ಕೆಳಗೆ ತೆಳ್ಳಗೆ ಕಪ್ಪು ಕಟ್ಟಿತ್ತು. ಕಿವಿಯ ಪಕ್ಕ ಎರಡು ಬಿಳಿ ಕೂದಲು.

"ನೀನು ಸರಿಯಾಗಿ ನಿದ್ದೆ ಮಾಡ್ತಾ ಇಲ್ಲ" ಎಂದಳು ಬಣ್ಣದಮ್ಮ.

"ಅದೆಲ್ಲ ಕಾಣ್ತಾ ಇದ್ಯಾ?" ಎಂದು ಸೊಸೆ ಮೊದಲ ಸಲ ಅತ್ತೆಯೆದುರು ಸದ್ದು ಮಾಡಿ ನಕ್ಕಳು.

ಅಂದಿನಿಂದ ಬಣ್ಣದಮ್ಮನಿಗೆ ಹೊಸ ಚಟ ಹತ್ತಿತು. ಒಂದು ಕಣ್ಣು ಮುಚ್ಚಿ ನೋಡುವುದು, ಅದನ್ನು ಬಿಟ್ಟು ಇನ್ನೊಂದನ್ನು ಮುಚ್ಚಿ ನೋಡುವುದು. ಹೊಸ ಕಣ್ಣಿಗೆ ಲೋಕ ತಣ್ಣಗೆ, ಚೂಪಾಗಿ, ಅಂಚು ಅಂಚಾಗಿ ಕಾಣುತ್ತಿತ್ತು. ಹಳೆಯ ಕಣ್ಣಿಗೆ ಎಲ್ಲವೂ ಜೇನಿನಲ್ಲಿ ಅದ್ದಿ ತೆಗೆದಂತೆ. ಒಬ್ಬರಿಗೊಬ್ಬರು ಆಗಿಬರದ ಇಬ್ಬರು ಓರಗಿತ್ತಿಯರು ಒಂದೇ ಮನೆಯ ಎರಡು ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಾ ಬೇರೆ ಬೇರೆ ವರದಿ ಒಪ್ಪಿಸಿದ ಹಾಗೆ.

ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಸೊಸೆಯನ್ನು ಕರೆದುಕೊಂಡು ಪೇಟೆ ಬೀದಿಗೆ ಹೊರಟಳು. ತಾನು ಮಾಡಿದ ಬಣ್ಣಗಳನ್ನು ತಾನೇ ಮೊದಲ ಸಲ ನೋಡುವ ಕೆಲಸ ಅದು. ಅಪರಾಧ ನಡೆದ ಜಾಗಕ್ಕೆ ಅಪರಾಧಿಯನ್ನೇ ಕರೆದೊಯ್ದಂತೆ ಕಾಲು ಹಿಂದೆಗೆಯುತ್ತಿತ್ತು.

ಮೊದಲು ಸಿಕ್ಕಿದ್ದು ಕ್ಷೌರದ ಅಂಗಡಿ. ಗೋಧಿ ಬಣ್ಣ ಎಂದು ಅವಳು ಮಾಡಿಕೊಟ್ಟಿದ್ದ ಗೋಡೆ ನೇರಳೆ ಮಿಶ್ರಿತ ನೀಲಿಯಾಗಿ ಫಳಫಳಿಸುತ್ತಿತ್ತು. ಬಣ್ಣದಮ್ಮ ಬಾಗಿಲಲ್ಲೇ ನಿಂತಳು.

"ಬನ್ನಿ ಅಕ್ಕ, ಹೇಗಿದೆ ಕಣ್ಣು?" ಎಂದ ಕ್ಷೌರಿಕ.

"ಕಣ್ಣು ಚೆನ್ನಾಗಿದೆ ಕಣಪ್ಪಾ. ನಿನ್ನ ಗೋಡೆ ಹೀಗಿದೆ ಅಂತ ನನಗೆ ಯಾಕೆ ಹೇಳಲಿಲ್ಲ?"

ಅವನು ಕತ್ತರಿ ನಿಲ್ಲಿಸಿ ತಲೆ ಕೆರೆದುಕೊಂಡ. "ಬಳಿದ ದಿನ ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಅಕ್ಕ ಗೋಧಿ ಬಣ್ಣ ಅಂದಿದಾರೆ, ಒಣಗಿದ ಮೇಲೆ ಗೋಧಿ ಆಗಬಹುದು ಅಂತ ಕಾದ್ವಿ. ಆಗಲಿಲ್ಲ. ಅಷ್ಟೊತ್ತಿಗೆ ಜನ 'ನೀಲಿ ಅಂಗಡಿ' ಅಂತ ಹುಡುಕಿಕೊಂಡು ಬರೋಕೆ ಶುರು ಮಾಡಿದ್ರು."

"ನಾಳೆನೇ ಬೇರೆ ಬಳಿಸಿಕೊಡ್ತೀನಿ."

"ಬೇಡ ಅಕ್ಕ. ಬಳಿಸಿದ್ರೆ ನನ್ನನ್ನ ಯಾರು ಗುರುತು ಹಿಡೀತಾರೆ?"

ಪಕ್ಕದ ಹೊಲಿಗೆಯವನಿಗೆ ಅಷ್ಟು ಸಂಕೋಚವಿರಲಿಲ್ಲ. "ನನಗೆ ಬಳಿಸಿಕೊಡಿ ಅಮ್ಮಾ. ನಾನು ಹಲ್ಲು ಕಚ್ಚಿಕೊಂಡು ಕೂತಿದೀನಿ. ಈ ಬಣ್ಣದಲ್ಲಿ ಯಾರು ಕನ್ನಡಿ ನೋಡ್ಕೊಂಡ್ರೂ ಜ್ವರ ಬಂದವರ ಹಾಗೆ ಕಾಣ್ತಾರೆ" ಎಂದ.

ಬೀದಿಯ ಕೊನೆಯಲ್ಲಿ ಅವಳದೇ ಪೇಂಟರು ಏಣಿಯ ಮೇಲಿದ್ದ. ಆ ಮನೆ ಮಾತ್ರ ಸರಿಯಾದ ಕೆನೆ ಬಣ್ಣದಲ್ಲಿತ್ತು. ಅದೂ ಅವಳ ಅಂಗಡಿಯ ಬಣ್ಣವೇ. ಬಣ್ಣದಮ್ಮ ಒಮ್ಮೆ ಗೋಡೆ, ಒಮ್ಮೆ ಅವನನ್ನು ನೋಡಿದಳು. ಅವನು ತಾನಾಗಿಯೇ ಕೆಳಗಿಳಿದು ಬಂದ.

"ಬೈಬೇಡಿ ಅಮ್ಮಾ. ನಾನು ಬಳಿಯೋ ಕಡೆಯೆಲ್ಲ, ಸೈಟಿಗೆ ಬಂದ ಮೇಲೆ ನಾನೇ ಒಂಚೂರು ಹಳದಿ ಬಿಡ್ತಿದ್ದೆ. ಬಹಳ ಕಾಲದಿಂದ. ಆಸ್ಪತ್ರೇಲಿ ಸೊಸೆಯಮ್ಮ ಪಕ್ಕದಲ್ಲೇ ನಿಂತಿದ್ರು, ಕೈ ಹಾಕೋಕೆ ಧೈರ್ಯ ಬರಲಿಲ್ಲ."

ದೂರುಗಳು ಇಷ್ಟು ಕಡಿಮೆ ಇದ್ದದ್ದು ಯಾಕೆ ಎಂದು ಬಣ್ಣದಮ್ಮನಿಗೆ ಆಗ ಅರ್ಥವಾಯಿತು. ಸಿಟ್ಟೂ ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡುವುದು ಎಂದು ತಿಳಿಯದೆ, "ಊರಿಗೆಲ್ಲ ಗೊತ್ತಿದ್ದಿದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ" ಎಂದು ಹೇಳಿ ನಡೆದುಬಿಟ್ಟಳು. ಅಂಗಡಿ ಮಗನಿಗೆ ಬಿಟ್ಟು ಮನೆಯಲ್ಲಿ ಕೂತುಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಕೂರಲು ಸೊಸೆ ಬಿಡಲಿಲ್ಲ. "ಆಸ್ಪತ್ರೆ ಗೋಡೆ ಹಾಗೇ ಇದೆ ಅತ್ತೆ. ಒಪ್ಪಿಕೊಂಡ ಕೆಲಸ" ಎಂದು ಇಷ್ಟೇ ಹೇಳಿ, ಮರುದಿನ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ಅತ್ತೆಯ ಚಪ್ಪಲಿಯನ್ನು ತನ್ನ ಚಪ್ಪಲಿಯ ಪಕ್ಕ ತಂದಿಟ್ಟಳು. ಬಣ್ಣದಮ್ಮ ಗೊಣಗುತ್ತಾ ಮೆಟ್ಟಿಕೊಂಡಳು.

ಹೊಸ ಕಟ್ಟಡ ಆ ಹೊತ್ತಿಗೆ ಬಹುಮಟ್ಟಿಗೆ ಮುಗಿದಿತ್ತು. ಎತ್ತರದ ಕಿಟಕಿಗಳು, ಉದ್ದದ ಪಡಸಾಲೆ, ಕೆಳಗಿನ ತೋಟಕ್ಕೆ ಇಳಿಯಲು ಅಗಲವಾದ ಮೆಟ್ಟಿಲು. ನೆಲ ಹಾಲಿನಂತೆ ಬಿಳಿ. ಪ್ರತಿ ಮೆಟ್ಟಿಲಿನ ಅಂಚಿಗೂ ತಿಳಿ ನೀಲಿ ಪಟ್ಟಿ. ಗೋಡೆಯುದ್ದಕ್ಕೂ ಹಿಡಿದು ನಡೆಯಲು ಬೂದಿ ಬಣ್ಣದ ಕಂಬಿ. ಹೊಸ ಕಣ್ಣಿಗೆ ಎಲ್ಲವೂ ಅಚ್ಚುಕಟ್ಟಾಗಿ ಕಂಡಿತು. ಬಣ್ಣದಮ್ಮ ಮನಸಾರೆ, "ಚೆನ್ನಾಗಿ ಮಾಡಿದೀಯ" ಎಂದಳು.

ಹಾಗೆಂದವಳು ಎಂದಿನ ಚಟದಂತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಮೆಟ್ಟಿಲಿಗೆ ಕಾಲಿಟ್ಟಳು. ಕಾಲು ಗಾಳಿಯಲ್ಲಿ ನಿಂತಿತು. ಮೆಟ್ಟಿಲುಗಳೇ ಇರಲಿಲ್ಲ. ಅವಳ ಮುಂದೆ ಇದ್ದದ್ದು ಒಂದೇ ಸಮನೆ ಇಳಿಜಾರಾಗಿ ಹರಿದ ತಿಳಿ ಹಳದಿಯ ನೆಲ. ಕಂಬಿಗೆ ಕೈ ಚಾಚಿದರೆ ಸಿಕ್ಕಿದ್ದು ಗೋಡೆ. ಓಲಾಡಿ, ಹೇಗೋ ಸಾವರಿಸಿಕೊಂಡು ನಿಂತಳು. ಸೊಸೆ ಓಡಿಬಂದು ಹಿಡಿದುಕೊಂಡಳು.

"ಏನಾಯ್ತು ಅತ್ತೆ?"

"ಏನಿಲ್ಲ, ನನ್ನ ಹುಚ್ಚಾಟ. ಹಳೇ ಕಣ್ಣಲ್ಲಿ ನೋಡೋಕೆ ಹೋದೆ, ಮೆಟ್ಟಿಲೇ ಮಾಯ."

ಸೊಸೆ ಅತ್ತೆಯ ತೋಳು ಬಿಡಲಿಲ್ಲ. ಮೆಟ್ಟಿಲನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು.

"ಇನ್ನೊಂದು ಸಲ ಮುಚ್ಚಿ. ನಾನು ಹಿಡ್ಕೊಂಡಿದೀನಿ. ಪಟ್ಟಿ ಕಾಣುತ್ತಾ?"

"ಇಲ್ಲ."

"ಕಂಬಿ?"

"ಗೋಡೆಯಲ್ಲಿ ಕರಗಿಹೋಗಿದೆ."

"ಅಲ್ಲಿ ಮೂಲೆಯಲ್ಲಿ ಒಂದು ಬಾಗಿಲಿದೆ."

"ಎಲ್ಲಿ?"

ಸೊಸೆ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. "ಇಲ್ಲಿಗೆ ಬರೋರೆಲ್ಲ ನಿಮ್ಮ ಹಳೇ ಕಣ್ಣಿನವರೇ ಅತ್ತೆ" ಎಂದಳು. "ಅರ್ಧದಷ್ಟು ಜನಕ್ಕಾದ್ರೂ ಪೊರೆ ಇರುತ್ತೆ. ನಾನು ಇಷ್ಟು ದಿನ ಕೂತು ನನ್ನ ಕಣ್ಣಿಗೆ ಬೇಕಾದ ಕಟ್ಟಡ ಮಾಡಿದೀನಿ."

ಬಣ್ಣದಮ್ಮ ಅವಳ ಪಕ್ಕ ಕುಳಿತಳು. "ನಾನಾದ್ರೂ ಅಷ್ಟೇ ತಾನೇ? ನನ್ನ ಕಣ್ಣಿಗೆ ಬೇಕಾದ ಬೀದಿ ಮಾಡಿಟ್ಟಿದೀನಿ" ಎಂದಳು. ಆಮೇಲೆ ಯಾರು ಮೊದಲು ನಕ್ಕರೋ, ಒಟ್ಟಿನಲ್ಲಿ ಇಬ್ಬರೂ ನಕ್ಕರು.

ಮರುದಿನವೇ ಡಾಕ್ಟರ ಹತ್ತಿರ ಹೋಗಿ, ಎಡಗಣ್ಣಿನ ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕಬಹುದೇ ಎಂದು ಕೇಳಿದರು. "ಹೆದರಿಕೆಗೆ ಮುಂದಕ್ಕೆ ಹಾಕೋರನ್ನ ನೋಡಿದೀನಿ. ಮೆಟ್ಟಿಲಿಗೋಸ್ಕರ ಹಾಕೋರು ನೀವೇ ಮೊದಲು" ಎಂದರು ಡಾಕ್ಟರು. ಬಹಳ ಕಾಲ ಬಿಡಬೇಡಿ ಎಂದು ಎಚ್ಚರಿಸಿ ಒಪ್ಪಿದರು.

ಆಮೇಲಿನ ವಾರಗಳಲ್ಲಿ ಅತ್ತೆ ಸೊಸೆ ಇಬ್ಬರೂ ಆ ಕಟ್ಟಡದಲ್ಲಿ ಅಲೆದ ಅಲೆದಾಟಕ್ಕೆ ಲೆಕ್ಕವಿಲ್ಲ. ಸೊಸೆ ರಟ್ಟಿನ ತುಂಡುಗಳಿಗೆ ಬಣ್ಣ ಬಳಿದು ಮೆಟ್ಟಿಲಿನ ಅಂಚಿಗೆ, ಕಂಬಿಗೆ, ಬಾಗಿಲಿಗೆ ಅಂಟಿಸುತ್ತಿದ್ದಳು. ಬಣ್ಣದಮ್ಮ ಒಂದು ಕಣ್ಣು ಮುಚ್ಚಿ ದೂರದಿಂದ ಬರುತ್ತಾ "ಕಂಡಿತು", "ಇಲ್ಲ", "ಕಂಡೂ ಕಾಣದ ಹಾಗಿದೆ" ಎನ್ನುತ್ತಿದ್ದಳು. ಹಳದಿ ಬಿಳಿಯೊಳಗೆ ಸೇರಿಹೋಯಿತು. ಹಸಿರೂ ನೀಲಿಯೂ ಗುರುತು ಸಿಗದಂತೆ ಒಂದಾದವು. ಇಟ್ಟಿಗೆ ಕೆಂಪು ಗಟ್ಟಿಯಾಗಿ ನಿಂತಿತು. ಕಾಫಿ ಬೀಜದಂಥ ಕಡು ಕಂದು ಇನ್ನೂ ಚೆನ್ನಾಗಿ ನಿಂತಿತು. ಜಗಳವೂ ಆಯಿತು. ಎಲ್ಲಕ್ಕೂ ಕೆಂಪು ಬಳಿದುಬಿಡೋಣ ಎಂದಳು ಅತ್ತೆ. ಎಲ್ಲವೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲ ಎಂದಳು ಸೊಸೆ. ಅವಳ ಮಾತೇ ಸರಿ ಎಂದು ಬಣ್ಣದಮ್ಮನಿಗೆ ತಿಳಿಯಲು ಎರಡು ದಿನ ಹಿಡಿಯಿತು, ಒಪ್ಪಿಕೊಳ್ಳಲು ಮತ್ತೆರಡು ದಿನ. ಕೊನೆಗೆ ಮೆಟ್ಟಿಲಿನ ಅಂಚು ಕಡು ಕಂದು, ಹಿಡಿಯುವ ಕಂಬಿ ಇಟ್ಟಿಗೆ ಕೆಂಪು, ರೋಗಿಗಳು ತಾವೇ ಹುಡುಕಿಕೊಳ್ಳಬೇಕಾದ ಬಾಗಿಲುಗಳೂ ಇಟ್ಟಿಗೆ ಕೆಂಪು ಎಂದು ತೀರ್ಮಾನವಾಯಿತು.

ಮೇಲ್ವಿಚಾರಕರು ನೋಡಿ ಹುಬ್ಬು ಗಂಟಿಕ್ಕಿದರು. "ಆಸ್ಪತ್ರೆನೋ, ಆಟದ ಮೈದಾನನೋ? ಮೊದಲಿನದು ಎಷ್ಟು ಗಂಭೀರವಾಗಿತ್ತು."

ಸೊಸೆ ವಾದಕ್ಕೆ ಇಳಿಯಲಿಲ್ಲ. ಕೆಲಸದ ಚೀಲದಿಂದ ಒಂದು ಹಳೆಯ ಕನ್ನಡಕ ತೆಗೆದಳು. ಅದರ ಗಾಜಿಗೆ ಕಂದು ಹಳದಿಯ ಪ್ಲಾಸ್ಟಿಕ್ ಹಾಳೆಯನ್ನು ಹಲವು ಪದರ ಮಡಚಿ ಅಂಟಿಸಿದ್ದಳು. ಎಷ್ಟು ಪದರ ಬೇಕು ಎಂದು ಅತ್ತೆ ಎರಡೂ ಕಣ್ಣಿನಿಂದ ಹೋಲಿಸಿ ನೋಡಿ ಹೇಳಿದ್ದಳು. "ಇದನ್ನ ಹಾಕ್ಕೊಂಡು ಆ ಕಡೆ ಮೆಟ್ಟಿಲು ಇಳಿಯಿರಿ ಸರ್" ಎಂದಳು. ಆ ಕಡೆಯ ಮೆಟ್ಟಿಲಿಗೆ ಇನ್ನೂ ತಿಳಿ ನೀಲಿ ಪಟ್ಟಿಯೇ ಇತ್ತು.

ಮೇಲ್ವಿಚಾರಕರು ಗಂಭೀರವಾಗಿಯೇ ಹೊರಟರು. ಮೊದಲ ಮೆಟ್ಟಿಲಲ್ಲೇ ಗಾಂಭೀರ್ಯ ಕೈಕೊಟ್ಟಿತು. ಕಾಲ ಹೆಬ್ಬೆರಳಿನಿಂದ ನೆಲ ತಡಕುತ್ತಾ, ಗೋಡೆಗೆ ಎರಡೂ ಕೈ ಒತ್ತಿಕೊಂಡು, ನೀರಿಗಿಳಿಯುವ ಬೆಕ್ಕಿನಂತೆ ಅರ್ಧ ದಾರಿ ಹೋಗಿ ನಿಂತರು. ಬಣ್ಣದಮ್ಮನೇ ಹೋಗಿ ಕೈಹಿಡಿದು ಮೇಲೆ ಕರೆತಂದಳು. ಅವರು ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟರು.

"ಮೆಟ್ಟಿಲು, ಕಂಬಿ ನಿಮ್ಮಿಷ್ಟ" ಎಂದರು ಕಡೆಗೆ. "ಬಾಗಿಲು ಬೂದಿನೇ ಇರಲಿ."

"ಶೌಚಾಲಯದ ಬಾಗಿಲು?" ಎಂದಳು ಸೊಸೆ.

"ಅದೊಂದು ಕೆಂಪು ಮಾಡಿಕೊಳ್ಳಿ."

ಉಳಿದ ಬಾಗಿಲುಗಳ ಮಟ್ಟಿಗೆ ಮೇಲ್ವಿಚಾರಕರು ಗೆದ್ದಂತಾಯಿತು.

ಗೋಡೆಯ ಬಣ್ಣವನ್ನು ಬಣ್ಣದಮ್ಮ ಹೊಸ ಕಣ್ಣಿನಿಂದ ಮೊದಲಿನಿಂದ ಕಲಸಿದಳು. ಈ ಸಲ ಪೇಂಟರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ಸೈಟಿಗೆ ಹೋದ ಮೇಲೆ ಏನಾದ್ರೂ ಬಿಡೋದಿದ್ರೆ ಈಗಲೇ ಬಿಡಪ್ಪಾ" ಎಂದಳು. ಅವನು ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೂ ಬೇಡಮ್ಮಾ" ಎಂದ. ಅಂಗಡಿಗೆ ಯಂತ್ರವೂ ಬಂತು. ತರಿಸೋಣ ಎಂದವಳು ಅತ್ತೆಯೇ. ದಿನದ ಗಿರಾಕಿಗಳಿಗೆ ಅದು ಕಲಸಲಿ, ಕಾರ್ಡಿನಲ್ಲಿ ಇಲ್ಲದ್ದನ್ನು ಕೇಳುವವರು ಬಂದರೆ ತಾನಿದ್ದೇನೆ ಎಂದಳು. ಮಗನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ತಾಯಿಗೂ ಹೆಂಡತಿಗೂ ಒಂದೇ 'ಹೂಂ' ಸಾಕಾಗುವ ಕಾಲ ಬಂದಿತ್ತು.

ಎಡಗಣ್ಣಿನ ಆಪರೇಷನ್ನಿನ ಹಿಂದಿನ ಸಂಜೆ ಬಣ್ಣದಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಲಗಣ್ಣು ಮುಚ್ಚಿಕೊಂಡಳು. ಕಿಟಕಿಯಿಂದ ಬಂದ ಬೆಳಕು ಪಾತ್ರೆಗಳ ಮೇಲೆ, ಮೇಜಿನ ಮೇಲೆ, ತರಕಾರಿ ಹೆಚ್ಚುತ್ತಿದ್ದ ಸೊಸೆಯ ಕೈಗಳ ಮೇಲೆ ಹೊಂಬಣ್ಣವಾಗಿ ಹರಡಿತ್ತು. ನಾಳೆಯಿಂದ ಇದು ಇರುವುದಿಲ್ಲ.

"ಬೇಜಾರಾಗ್ತಿದ್ಯಾ?" ಎಂದು ಸೊಸೆ ಕೇಳಿದಳು.

"ಒಂದು ಚೂರು. ಮೋಸ ಮಾಡಿದ್ರೂ ಚೆನ್ನಾಗಿ ನೋಡ್ಕೊಂಡಿತ್ತು."

ಹೊಸ ಕಟ್ಟಡಕ್ಕೆ ಜನ ಬಂದು ಸ್ವಲ್ಪ ದಿನಗಳಾದ ಮೇಲೆ ಇಬ್ಬರೂ ನೋಡಲು ಹೋದರು. ಎರಡೂ ಕಣ್ಣು ಹೊಸದಾದ ಬಣ್ಣದಮ್ಮ ಪಡಸಾಲೆಯ ಬೆಂಚಿನ ಮೇಲೆ ಕುಳಿತು ಗೋಡೆ ನೋಡಿದಳು. ಬೆಳಗಿನ ಹೊತ್ತು. ಯಾರೋ ಪರದೆ ಸರಿಸಿದ ಹಾಗೇ ಇತ್ತು.

ಒಂದು ಕೋಣೆಯಿಂದ ಕೃಶವಾದ ಮುದುಕರೊಬ್ಬರು ಹೊರಬಂದರು. ಕಣ್ಣು ಕಿರಿದು ಮಾಡಿ ಆಚೀಚೆ ನೋಡಿದರು. ಅವರ ಹಿಂದೆ ಮಗಳು, "ಅಪ್ಪಾ, ನಿಲ್ಲಿ, ನಾನು ಬರ್ತೀನಿ" ಎಂದು ಚಪ್ಪಲಿ ಹುಡುಕುತ್ತಿದ್ದಳು. ಮುದುಕರು ನಿಲ್ಲಲಿಲ್ಲ. ಕೆಂಪು ಕಂಬಿಗೆ ಕೈ ಹಾಕಿದರು. ಒಂದೇ ಸಲಕ್ಕೆ ಸಿಕ್ಕಿತು. ಅದನ್ನು ಹಿಡಿದು ನಡೆಯುತ್ತಾ ಮೆಟ್ಟಿಲಿನವರೆಗೆ ಬಂದು, ಕೆಳಗೆ ನೋಡಿ, ಕಂದು ಗೆರೆಯ ಮೇಲೆ ಕಣ್ಣಿಟ್ಟು ಕಾಲಿಟ್ಟರು. ಒಂದು ಮೆಟ್ಟಿಲು. ಇನ್ನೊಂದು. ಮಗಳು ಓಡಿ ಬರುವಷ್ಟರಲ್ಲಿ ಅವರು ತೋಟದಲ್ಲಿದ್ದರು.

"ಒಬ್ಬರೇ ಯಾಕೆ ಬಂದ್ರಿ?" ಎಂದಳು ಮಗಳು, ಏದುಸಿರು ಬಿಡುತ್ತಾ.

"ದಾರಿ ಕಾಣ್ತು, ಬಂದೆ" ಎಂದರು ಮುದುಕರು, ಬಿಸಿಲಿಗೆ ಮುಖವೊಡ್ಡಿ.

ಮೇಲಿನ ಬೆಂಚಿನಲ್ಲಿ ಅತ್ತೆ ಸೊಸೆಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಮುದುಕರು ಮತ್ತೆ ಮೇಲೆ ಹತ್ತುವುದನ್ನೂ ನೋಡಿಕೊಂಡೇ ಹೋಗೋಣ ಎಂದು ಇಬ್ಬರೂ ಅಲ್ಲೇ ಕುಳಿತರು.